ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಕೆಲಸಕ್ಕೆ ಹೊರಟ ಹುಡುಗ್ರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕಾಸರಗೋಡು, ಮಂಜೇಶ್ವರ ತಾಲೂಕಿನ ಮಕ್ಕಳು, ಕಲಿತು ಕೆಲಸಕ್ಕೆ ಸೇರಿದವರು, ಬೆಂಗಳೂರು ಮಂಗಳೂರು ಗಲ್ಫ್ ಅಂತ ಹೋದವರು, ಈಗ ಒಟ್ಟು ಸೇರಿ ಊರಿಗೆ ಎಂತಾದ್ರೂ ಮಾಡ್ಬೇಕು ಅಂತ ಹೊರಟಿದ್ದಾರೆ. ತುಂಬ ಖುಷಿಯ ಸಂಗತಿ ಇದು. ಹೆಸರು ಹಾಕುದು ಬೇಡ ಅಂತ ಕೆಲವರು ಹೇಳಿದ್ರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾವು ಎಣ್ಮಕಜೆ ಪಂಚಾಯತಿನ ಒಂದೇ ಕಡೆಯವರು, ಹೆಚ್ಚಿನವರು ಬೆಂಗಳೂರಲ್ಲಿ ಸಾಫ್ಟ್‌ವೇರ್, ಇಬ್ರು ಮಂಗಳೂರಲ್ಲಿ ಬ್ಯಾಂಕ್. ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ, ಹೆಸರು ಲೋಗೋ ಎಲ್ಲ ರೆಡಿ ಉಂಟು. ಉಚಿತ ಕಂಪ್ಯೂಟರ್ ಕ್ಲಾಸ್, ಗಿಡ ನೆಡುದು, ಸಾಧಕರಿಗೆ ಸನ್ಮಾನ ಹೀಗೆ ಬೇರೆ ಬೇರೆ ಐಡಿಯಾ ಬರ್ತಾ ಉಂಟು. ಮೊದಲು ಯಾವುದನ್ನು ಹಿಡಿಯುದು? (ಪೆರ್ಲ ಕಡೆಯವರು)

ಉತ್ತರ: ಇದ್ಯಾವುದೂ ಬೇಡ ಅಂತ ನಾನು ಹೇಳುದಿಲ್ಲ, ಆದ್ರೆ ಮೊದಲು ನಿಮ್ಮೂರಲ್ಲಿ ಈಗಾಗ್ಲೇ ನಡೀತಾ ಇದ್ದು, ಕೈ ಸಾಲದೆ ನಿಲ್ಲುವ ಹಂತಕ್ಕೆ ಬಂದ ಕೆಲಸ ಯಾವುದುಂಟು ಅಂತ ಹುಡುಕಿ. ಹೊಸದು ಶುರು ಮಾಡಿದ್ರೆ ಅದನ್ನು ನೀವೇ ಹೊತ್ತುಕೊಳ್ಬೇಕು, ನೀವು ಇರುದು ಬೆಂಗಳೂರಲ್ಲಿ, ಅಪ್ರೈಸಲ್ ಟೈಮಲ್ಲಿ ಊರು ನೆನಪಾಗುದಿಲ್ಲ. ಹಳೇ ಕೆಲಸಕ್ಕೆ ಕೈ ಸೇರಿಸಿದ್ರೆ ನೀವು ಇಲ್ಲದ ತಿಂಗಳಲ್ಲೂ ಅದು ನಡೀತದೆ.

ನಿಮ್ಮ ಕಡೆ ಅಂಥ ಕೆಲಸ ಅಂದ್ರೆ ನನ್ನ ಪ್ರಕಾರ ಕಟ್ಟ, ಅಂದ್ರೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ಒಡ್ಡು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬರ್ತದೆ, ಆದ್ರೂ ಮಾರ್ಚ್ ಏಪ್ರಿಲ್‌ಗೆ ಬಾವಿ ತಳ ಕಾಣ್ತದೆ, ತೋಟಕ್ಕೆ ನೀರಿಲ್ಲ, ಒಬ್ಬರು ಬೋರ್ ತೆಗೆದ್ರೆ ಪಕ್ಕದವರು ಅದಕ್ಕಿಂತ ಆಳ ತೆಗೀತಾರೆ. ಗುಡ್ಡದ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಇಳಿದ ನೀರು ತೋಡಿಗೆ ಬಂದು ಸೀದಾ ಸಮುದ್ರಕ್ಕೆ ಹೋಗುದನ್ನು ನಿಲ್ಲಿಸ್ಲಿಕ್ಕೆ ನಮ್ಮ ಹಿರಿಯರು ಮಾಡಿದ ಉಪಾಯವೇ ಕಟ್ಟ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುದು, ಮುಂದಿನ ಮಳೆಗಾಲಕ್ಕೆ ಅದು ತನ್ನಿಂದ ತಾನೇ ಹೋಗ್ತದೆ ಅಥವಾ ನಾವೇ ಬಿಡಿಸುದು. ಒಂದೇ ತೋಡಿಗೆ ಮೇಲಿಂದ ಕೆಳಗಿನವರೆಗೆ ಸಾಲಾಗಿ ಕಟ್ಟಗಳಿದ್ರೆ ಎರಡೂ ಬದಿಯ ಬಾವಿಗಳಲ್ಲಿ ನೀರು ನಿಲ್ತದೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದವರು ಈ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ, ದೂರದಿಂದ ಜನ ನೋಡ್ಲಿಕ್ಕೆ ಬರ್ತಾರೆ. ನಿಮ್ಮದೇ ಪಂಚಾಯತಿನ ಪಡ್ರೆಯಲ್ಲಿ ನೀರಿನ ಬಗ್ಗೆ ಜೀವಮಾನ ಇಡೀ ಬರೆದ ಶ್ರೀಪಡ್ರೆಯವರು ಊರವರನ್ನು ಸೇರಿಸಿಕೊಂಡು ಇದೇ ಕೆಲಸಕ್ಕೆ ಇಳಿದವರು. ಹಾಗಾಗಿ ಕಲೀಲಿಕ್ಕೆ ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ.

ಬೇರೆ ಕಡೆ ಇದು ನಿಂತದ್ದು ಎಂತಕ್ಕೆ ಅಂದ್ರೆ ಆಳು ಸಿಗುದಿಲ್ಲ, ಸಿಕ್ಕಿದ್ರೂ ಸಂಬಳ ಒಬ್ಬನೇ ಕೊಡ್ಲಿಕ್ಕೆ ಆಗುದಿಲ್ಲ, ಜಾಗೆ ಪಾಲಾಗಿ ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಮಕ್ಕಳು ಊರಲ್ಲಿಲ್ಲ. ನೀವು ಬೇಕಾಗುದು ಇಲ್ಲಿಯೇ. ಡಿಸೆಂಬರ್ ಕೊನೆಗೆ ಕ್ರಿಸ್‌ಮಸ್ ರಜೆ ಇರ್ತದೆ, ಕಟ್ಟ ಕಟ್ಟುದು ಕೂಡ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಈಗ ಹೆಚ್ಚಿನ ಕಡೆ ಪ್ಲಾಸ್ಟಿಕ್ ಶೀಟ್ ಹಾಕ್ತಾರೆ, ಮಣ್ಣು ಹೊರುವ ಕೆಲಸ ತುಂಬ ಕಮ್ಮಿ ಆಗಿದೆ. ಆದ್ರೆ ಒಂದು ವಿಷಯ ನೋಡಿಕೊಳ್ಳಿ, ಶೀಟನ್ನು ತೋಡಿನ ಮರಳಿನ ಮೇಲೆ ಹಾಗೇ ಹಾಸಿದ್ರೆ ಮೇಲೆ ನೀರು ನಿಂತ ಹಾಗೆ ಕಾಣ್ತದೆ, ಅಡಿಯಿಂದ ಎಲ್ಲ ಸೋರಿ ಹೋಗ್ತದೆ. ಮರಳು ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಡ್ಡಕ್ಕೆ ಒಂದು ಚರಂಡಿ ತೋಡಿ, ಶೀಟಿನ ಅಂಚನ್ನು ಅದರೊಳಗೆ ಇಳಿಸಿ ಜೇಡಿ ಮಣ್ಣು ಹಾಕಿ ತುಳಿದು ತುಳಿದು ಕೂರಿಸ್ಬೇಕು, ಎರಡೂ ದಡದ ಬದಿಗೂ ಹಾಗೆಯೇ. ಇದನ್ನು ಕೈ ಹಿಡಿದು ತೋರಿಸುವ ಎಪ್ಪತ್ತು ದಾಟಿದ ಅಜ್ಜಂದಿರು ನಿಮ್ಮೂರಲ್ಲಿ ಖಂಡಿತ ಇದ್ದಾರೆ, ಅವರನ್ನು ತೋಡಿನ ಬದಿಗೆ ಕುರ್ಚಿ ಹಾಕಿ ಕೂರಿಸಿ, ಅವರು ಹೇಳಿದ ಹಾಗೆ ಮಾಡಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಡಿ. ಅವರು ಹೋದ ಮೇಲೆ ಈ ವಿದ್ಯೆ ಎಲ್ಲೂ ಸಿಗುದಿಲ್ಲ. ಸುರಂಗ ತೋಡುವವರ ವಿಷಯದಲ್ಲೂ ಅಷ್ಟೆ, ಬಾಯಾರು ಬದಿಯಡ್ಕ ಎಣ್ಮಕಜೆಯಲ್ಲಿ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತಂದ ಊರು ನಮ್ಮದು, ಹಣತೆಯ ಬೆಳಕಲ್ಲಿ ಒಳಗೆ ಕೂತು ಕೊರೆದವರು ಇನ್ನು ಎಷ್ಟು ಜನ ಉಳಿದಿದ್ದಾರೆ?

ಮತ್ತೆ ನಿಮ್ಮ ಸಾಫ್ಟ್‌ವೇರ್ ವಿದ್ಯೆಗೂ ಕೆಲಸ ಉಂಟು. ಕಟ್ಟ ಆದ ಮೇಲೆ ಎರಡೂ ಬದಿಯ ಬಾವಿಗಳಿಗೆ ವಾರಕ್ಕೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು ಕನ್ನಡದಲ್ಲೇ ಒಂದು ಕಂಪ್ಯೂಟರ್ ಶೀಟಲ್ಲಿ ಹಾಕ್ತಾ ಬನ್ನಿ, ಅಳೆಯುದು ಊರಲ್ಲಿರುವ ಪ್ಲಸ್ ಟೂ ಮಕ್ಕಳು, ಗ್ರಾಫ್ ಮಾಡುದು ನೀವು. ಕಟ್ಟ ಇರುವ ತೋಡಿನ ಬಾವಿ, ಇಲ್ಲದ ತೋಡಿನ ಬಾವಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಆ ಲೆಕ್ಕ ಹಿಡಿದುಕೊಂಡು ಗ್ರಾಮಸಭೆಗೆ ಹೋದ್ರೆ ಪಂಚಾಯತಿನ ಯೋಜನೆ ಹಣಕ್ಕೆ ಕೇಳ್ಲಿಕ್ಕೆ ಬಲ ಬರ್ತದೆ. ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ (ಊರವರೇ ಸೇರಿ ಯೋಜನೆ ಹಾಕುವ ಪದ್ಧತಿ) ಬಂದಾಗಿನಿಂದ ರಾಜ್ಯದ ಯೋಜನೆ ಹಣದ ಒಂದು ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೇ ಬರ್ತದೆ, ಕೇಳುವವರಿಲ್ಲದ ವಾರ್ಡಿಗೆ ಅದು ಮುಟ್ಟುದಿಲ್ಲ ಅಷ್ಟೆ.

ಪ್ರಶ್ನೆ: ಗಲ್ಫಲ್ಲಿರುವ ನಮ್ಮೂರವರು ಹಣ ಕಳಿಸ್ಲಿಕ್ಕೆ ತಯಾರಿದ್ದಾರೆ. ವಿದೇಶದ ಹಣ ತಗೊಂಡ್ರೆ ಕೇಸ್ ಆಗ್ತದೆ ಅಂತ ಒಬ್ರು ಹೆದರಿಸಿದ್ದಾರೆ. ಹೌದಾ? (ಬಂದ್ಯೋಡು)

ಉತ್ತರ: ಅರ್ಧ ಹೌದು. ಇಂಡಿಯಾದ ಪಾಸ್‌ಪೋರ್ಟ್ ಇರುವವರು, ಅವರು ದುಬೈಯಲ್ಲಿರ್ಲಿ ಕುವೈತಲ್ಲಿರ್ಲಿ, ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ರೆ ಅದು ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ರೆ ಮಾತ್ರ ವಿದೇಶಿ ದೇಣಿಗೆ ಆಗ್ತದೆ, ಅವರ ಹತ್ರ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ರೂ ಆಗ್ತದೆ, ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಬೇಕು, ಸಣ್ಣ ಸಂಘಕ್ಕೆ ಆ ರಗಳೆ ಬೇಡ. ಹಾಗಾಗಿ ಕೊಡುವವರ ಪಾಸ್‌ಪೋರ್ಟ್ ಕಾಪಿ ಒಂದು ಫೈಲಲ್ಲಿ ಇಟ್ಟುಕೊಳ್ಳಿ.

ಯಾರದ್ದೋ ಸ್ವಂತ ಗೂಗಲ್ ಪೇ ನಂಬರಿಗೆ ಹಣ ಹಾಕಿಸುದು ಮಾತ್ರ ಖಂಡಿತ ಬೇಡ, ಎಷ್ಟು ಒಳ್ಳೆಯವನಾದ್ರೂ ಬೇಡ. ಊರಿನ ಎಷ್ಟೋ ಸಂಘಗಳು ಮುರಿದದ್ದು ಕಳ್ಳತನದಿಂದ ಅಲ್ಲ, ಲೆಕ್ಕ ಬರೆಯದೆ ಇದ್ದದ್ರಿಂದ ಹುಟ್ಟಿದ ಅನುಮಾನದಿಂದ. ಮೊದಲು ಸಂಘವನ್ನು ರಿಜಿಸ್ಟರ್ ಮಾಡಿಸಿ. ನಾವು ಮಲಬಾರ್ ಭಾಗದವರಾದ್ರಿಂದ ನಮಗೆ 1860ರ ಸೊಸೈಟಿ ಕಾಯ್ದೆ ಅನ್ವಯ ಆಗ್ತದೆ, ಕಮ್ಮಿಯಲ್ಲಿ ಏಳು ಜನ ಬೇಕು, ಜಿಲ್ಲಾ ರಿಜಿಸ್ಟ್ರಾರ್ ಆಫೀಸಲ್ಲಿ ಆಗ್ತದೆ. ಆಮೇಲೆ ಸಂಘದ ಹೆಸರಲ್ಲೇ ಪ್ಯಾನ್, ಇಬ್ಬರ ಸೈನ್ ಇಲ್ಲದೆ ಹಣ ತೆಗೀಲಿಕ್ಕಾಗದ ಹಾಗೆ ಬ್ಯಾಂಕ್ ಖಾತೆ. ಆ ಇಬ್ಬರಲ್ಲಿ ಒಬ್ಬರಾದ್ರೂ ಊರಲ್ಲೇ ಇರುವವರಾಗ್ಬೇಕು.

ಪ್ರಶ್ನೆ: ಗ್ರಾಮಸಭೆಗೆ ಹೋದ್ರೆ ಎಲ್ಲ ಮಲಯಾಳದಲ್ಲಿ ಮಾತಾಡ್ತಾರೆ, ನೋಟೀಸೂ ಮಲಯಾಳದಲ್ಲಿ. ನಮ್ಮಲ್ಲಿ ಕೆಲವರು ಬಹಿಷ್ಕಾರ ಮಾಡುವ ಅಂತಿದ್ದಾರೆ. ನಿಮ್ಮ ಅಭಿಪ್ರಾಯ? (ಮೀಂಜ)

ಉತ್ತರ: ಬಹಿಷ್ಕಾರ ಬೇಡ, ದಯವಿಟ್ಟು ಬೇಡ. ನೀವು ಹೊರಗೆ ನಿಂತ ದಿನವೇ ಒಳಗೆ ಮನೆ ಯಾರಿಗೆ, ಶೌಚಾಲಯ ಯಾರಿಗೆ, ರಸ್ತೆ ಎಲ್ಲಿಗೆ ಅಂತ ಪಟ್ಟಿ ಆಗ್ತದೆ. ಕೇರಳದಲ್ಲಿ ಗ್ರಾಮಸಭೆ ಅಂದ್ರೆ ವಾರ್ಡು ಮಟ್ಟದ್ದು, ವಾರ್ಡಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ, ವಾರ್ಡ್ ಮೆಂಬರ್ ಸಂಚಾಲಕ, ಮೂರು ತಿಂಗಳಿಗೊಮ್ಮೆ ಕರೀಲೇಬೇಕು. ಅಲ್ಲಿ ಆದ ಫಲಾನುಭವಿಗಳ ಪಟ್ಟಿಯ ಕ್ರಮವನ್ನು ಮೇಲೆ ಪಂಚಾಯತು ಸಮಿತಿ ಬದಲಿಸುವ ಹಾಗಿಲ್ಲ. ಇಷ್ಟು ಅಧಿಕಾರ ಇರುವ ಸಭೆಗೆ ಕಲಿತವರು ಹೋಗದೆ ಇರುದು, ಹೋದವರು ಸೈನ್ ಹಾಕಿ ಚಾ ಕುಡಿದು ಬರುದು, ಇದನ್ನು ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗ್ತದೆ.

ಭಾಷೆಯ ಹಕ್ಕು ಬಿಟ್ಟುಕೊಡುದು ಅಂತಲ್ಲ. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ನಮ್ಮನ್ನು ಕೇರಳಕ್ಕೆ ಸೇರಿಸಿದ್ರು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಹೇಳಿತು, ಜಾರಿಗೆ ಬರ್ಲಿಲ್ಲ. ಆ ನೋವು ಇದ್ದದ್ದೇ. ಆದ್ರೆ ಕೈಯಲ್ಲಿರುವ ಹಕ್ಕನ್ನಾದ್ರೂ ಉಪಯೋಗಿಸ್ಬೇಕಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು ಅಂತ ಉಂಟು. ನಿಮ್ಮ ಗುಂಪಲ್ಲಿ ಒಬ್ಬ ವಕೀಲ, ಒಬ್ಬ ಮಲಯಾಳ ಓದ್ಲಿಕ್ಕೆ ಬರುವವನು ಸಿಕ್ಕಿದ್ರೆ ಸಾಕು. ಕನ್ನಡದಲ್ಲೇ ಅರ್ಜಿ ಬರೆಯಿರಿ, ರಸೀತಿ ತಗೊಳ್ಳಿ, ಕನ್ನಡ ನೋಟೀಸ್ ಬರ್ಲಿಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿವರೆಗೆ ಬಂದ ನೋಟೀಸನ್ನು ನೀವೇ ಕನ್ನಡ ಮಾಡಿ ಮನೆಮನೆಗೆ ಮುಟ್ಟಿಸಿ. ಸಭೆಯಲ್ಲಿ ಕನ್ನಡದಲ್ಲೇ ಎದ್ದು ಮಾತಾಡಿ, ತುಳುವಲ್ಲಾದ್ರೂ ಮಾತಾಡಿ, ಬ್ಯಾರಿ ಮಾತಾಡುವವರು ಮಲಯಾಳದವರು ಎಲ್ಲ ನಿಮ್ಮ ಜತೆಗೇ ದಿನಾ ಬಸ್ಸಲ್ಲಿ ಹೋಗುವವರು, ಅರ್ಥ ಆಗ್ತದೆ. ಬಾವಿಯ ನೀರು ಇಳಿಯುದು ಎಲ್ಲ ಭಾಷೆಯವರಿಗೂ ಒಟ್ಟಿಗೇ.

ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವು ಕವಿ ಅಂತ, ಕನ್ನಡ ಹೋರಾಟಗಾರ ಅಂತ ನೆನಪಿಸ್ತೇವೆ, ಅವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು. ಹೋರಾಟವೂ ಪಂಚಾಯತಿನ ಕೆಲಸವೂ ಒಬ್ಬರೇ ಮಾಡಬಹುದು.

ಪ್ರಶ್ನೆ: ನಾನು ಶಾಲೆಯಲ್ಲಿ ಟೀಚರ್. ನಮ್ಮ ಊರಿನ ವಾಚನಾಲಯಕ್ಕೆ ಈಗ ಪೇಪರ್ ಓದ್ಲಿಕ್ಕೆ ನಾಲ್ಕು ಜನ ಹಿರಿಯರು ಬರುದು ಬಿಟ್ರೆ ಯಾರೂ ಇಲ್ಲ. ನಾವು ಕೆಲವು ಗೆಳತಿಯರು ಸೇರಿ ಅದನ್ನು ಎಬ್ಬಿಸ್ಬೇಕು ಅಂತಿದ್ದೇವೆ. (ಮುಳ್ಳೇರಿಯಾ)

ಉತ್ತರ: ಕೇರಳದಲ್ಲಿ ಇದ್ದದ್ರಿಂದ ನಮಗೆ ಸಿಕ್ಕಿದ ದೊಡ್ಡ ಲಾಭ ಅಂದ್ರೆ ಗ್ರಂಥಾಲಯಗಳ ವ್ಯವಸ್ಥೆ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು ತಿರುವಿದಾಂಕೂರಿನಲ್ಲಿ ಶುರು ಮಾಡಿದ ಗ್ರಂಥಶಾಲಾ ಸಂಘದಿಂದ ಬೆಳೆದದ್ದು ಇದು, 1989ರ ಕಾಯ್ದೆಯಿಂದ ಲೈಬ್ರರಿ ಕೌನ್ಸಿಲ್ ಆಯ್ತು. ನಾವು ಕಟ್ಟುವ ಕಟ್ಟಡ ತೆರಿಗೆಯ ಮೇಲೆ ಗ್ರಂಥಾಲಯಕ್ಕೆ ಅಂತ ಸೆಸ್ ಕೂಡ ಸೇರಿರ್ತದೆ. ಹಾಗಾಗಿ ಮೊದಲು ನಿಮ್ಮ ವಾಚನಾಲಯಕ್ಕೆ ಲೈಬ್ರರಿ ಕೌನ್ಸಿಲಿನ ಮಾನ್ಯತೆ ಉಂಟಾ, ಯಾವ ಗ್ರೇಡಲ್ಲಿ ಉಂಟು ಅಂತ ತಾಲೂಕು ಕೌನ್ಸಿಲಲ್ಲಿ ವಿಚಾರಿಸಿ. ಎ ಯಿಂದ ಎಫ್‌ವರೆಗೆ ಗ್ರೇಡ್, ಗ್ರೇಡ್ ಮೇಲೆ ವರ್ಷದ ಗ್ರಾಂಟು. ರಿಜಿಸ್ಟರ್ ಬರೀದೆ, ಪುಸ್ತಕ ಕೊಟ್ಟದ್ದು ಬಂದದ್ದು ದಾಖಲೆ ಇಲ್ಲದೆ ಗ್ರೇಡ್ ಕೆಳಗೆ ಹೋಗ್ತದೆ. ಗ್ರಾಂಟ್ ಬಂದಾಗ ಕನ್ನಡ ಪುಸ್ತಕವನ್ನೇ ತಗೊಳ್ಳಿ ಅಂತ ಕಮಿಟಿಯಲ್ಲಿ ಹೇಳುವವರು ಬೇಕು, ನೀವು ಹೇಳಿ. ಮೆಂಬರ್ ಆಗಿ, ಕಮಿಟಿ ಚುನಾವಣೆಗೆ ನಿಲ್ಲಿ.

ಮಕ್ಕಳು ಬರ್ಬೇಕಾದ್ರೆ ಕಪಾಟಿಗೆ ಬೀಗ ಇರ್ಬಾರದು. ಸಂಜೆ ಬಸ್ಸು ಇಳಿದು ಮನೆಗೆ ಹೋಗುವ ಹೊತ್ತಿಗೆ ಬಾಗಿಲು ತೆರೆದಿರ್ಬೇಕು, ಬೆಂಚಿನ ಮೇಲೆ ಪುಸ್ತಕ ಹರಡಿರ್ಬೇಕು, ಮುಟ್ಟಿದ್ರೆ ಬಯ್ಯುವವರು ಇರ್ಬಾರದು. ಮಂಗಳೂರಲ್ಲಿ ಬೆಂಗಳೂರಲ್ಲಿ ಕೆಲಸದಲ್ಲಿರುವ ನಿಮ್ಮ ಹಳೇ ವಿದ್ಯಾರ್ಥಿಗಳಿಗೆ ಹೇಳಿ, ಊರಿಗೆ ಬರುವಾಗ ಸ್ವೀಟ್ ಬಾಕ್ಸ್ ಜತೆ ಒಂದು ಹೊಸ ಮಕ್ಕಳ ಪುಸ್ತಕ ತರ್ಲಿ. ಮನೆಯಲ್ಲಿ ಬೇಡವಾದ ಹಳೇ ಪಠ್ಯಪುಸ್ತಕ ತಂದು ರಾಶಿ ಹಾಕುದು ಬೇಡ. ಇನ್ನೊಂದು, ಕೇರಳ ಪಿಎಸ್‌ಸಿ ಪರೀಕ್ಷೆಗೆ ಕನ್ನಡದಲ್ಲಿ ಓದಿ ತಯಾರಾಗುವ ಮಕ್ಕಳಿಗೆ ಕೂತು ಓದ್ಲಿಕ್ಕೆ ಜಾಗ, ಹಳೇ ಪ್ರಶ್ನೆಪತ್ರಿಕೆ, ಪಾಸಾದವರು ಬಂದು ಹೇಳಿಕೊಡುವ ಒಂದು ಭಾನುವಾರ, ಇಷ್ಟು ಮಾಡಿದ್ರೆ ಆ ಕಟ್ಟಡಕ್ಕೆ ಇಪ್ಪತ್ತು ವರ್ಷದವರು ವಾಪಸ್ ಬರ್ತಾರೆ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದ್ರು ಅಂತ ಮಕ್ಕಳು ಪ್ರತಿಭಟನೆಗೆ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ, ಆ ಹುದ್ದೆಗೆ ಪರೀಕ್ಷೆ ಬರೆಯುವ ಕನ್ನಡದ ಮಕ್ಕಳನ್ನು ತಯಾರು ಮಾಡುದೂ ಅದೇ ಹೋರಾಟದ ಇನ್ನೊಂದು ಭಾಗ.

ಪ್ರಶ್ನೆ: ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ನನ್ನ ಜತೆ ಫಿಸಿಯೋಥೆರಪಿ ಕಲಿತವರಿಬ್ರು ಇದ್ದಾರೆ. ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ರಜೆಯಲ್ಲಿ ಹೋಗ್ಬೇಕು ಅಂತ ಆಸೆ. ಕ್ಯಾಂಪ್ ಮಾಡಿದ್ರೆ ಹೇಗೆ? (ಬೆಳ್ಳೂರು)

ಉತ್ತರ: ಕ್ಯಾಂಪ್ ಬೇಡ ತಂಗಿ, ಮನೆಗೇ ಹೋಗಿ. ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿಷ ಸುರಿದ ಊರುಗಳಿವು. ಆ ಮನೆಗಳಿಗೆ ಕ್ಯಾಮೆರಾ ಹಿಡಿದುಕೊಂಡು ಬಂದವರಿಗೆ ಲೆಕ್ಕ ಇಲ್ಲ, ಕ್ಯಾಂಪ್ ಮಾಡಿ ಬ್ಯಾನರ್ ಕಟ್ಟಿ ಫೋಟೋ ತೆಗೆದು ಹೋದವರೂ ತುಂಬ ಜನ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಮಾಡಿತು, 2017ರಲ್ಲಿ ಐದು ಲಕ್ಷ ಪರಿಹಾರ ಕೊಡಿ ಅಂತ ಹೇಳಿತು, ಅದಕ್ಕಾಗಿ ತಾಯಂದಿರು ತಿರುವನಂತಪುರದವರೆಗೆ ಹೋಗಿ ಕೂತರು. ಮೂವತ್ತು ವರ್ಷದ ಮಗನನ್ನು ಅರವತ್ತು ವರ್ಷದ ಅಮ್ಮ ಎತ್ತಿ ಸ್ನಾನ ಮಾಡಿಸುವ ಮನೆಗೆ ಕ್ಯಾಂಪಿಗೆ ಬನ್ನಿ ಅಂತ ಹೇಳುದು ಹೇಗೆ?

ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ ಆರೈಕೆಗೆ (ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡುವ ಆರೈಕೆಗೆ) ಸರಕಾರದ ನೀತಿ ಉಂಟು, ಪ್ರತಿ ಪಂಚಾಯತಿಗೂ ಒಬ್ಬ ಪಾಲಿಯೇಟಿವ್ ನರ್ಸ್, ಮನೆಮನೆಗೆ ಹೋಗುವ ತಂಡ. ನೀವು ಬೇರೆಯೇ ತಂಡ ಕಟ್ಟುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ಸಿಸ್ಟರನ್ನು ಕಾಣಿ, ವಾಲಂಟಿಯರ್ ಆಗಿ ಸೇರಿ, ತಿಂಗಳಲ್ಲಿ ಇಂಥ ದಿನ ಬರ್ತೇನೆ ಅಂತ ಹೇಳಿ, ಹೇಳಿದ ದಿನ ಬನ್ನಿ. ಎಷ್ಟೋ ಸಲ ಆ ನರ್ಸ್ ದಕ್ಷಿಣದ ಜಿಲ್ಲೆಯಿಂದ ಬಂದವರು, ಮನೆಯ ಅಜ್ಜಿಗೆ ತುಳು ಅಥವಾ ಕನ್ನಡ ಬಿಟ್ಟು ಬೇರೆ ಬರುದಿಲ್ಲ, ಎಲ್ಲಿ ನೋವು ಅಂತ ಕೇಳಿದ್ರೂ ಹೇಳಿದ್ರೂ ಮುಟ್ಟುದಿಲ್ಲ. ಅಲ್ಲಿ ನಿಮ್ಮ ಮಾತೇ ದೊಡ್ಡ ಸಹಾಯ. ಫಿಸಿಯೋ ಕಲಿತವರು ಮಗುವಿಗೆ ವ್ಯಾಯಾಮ ಮಾಡಿಸುವ ಜತೆಗೆ ಆ ಅಮ್ಮನಿಗೆ ಸೊಂಟ ಉಳಿಸಿಕೊಂಡು ಎತ್ತುದು ಹೇಗೆ, ಹಾಸಿಗೆ ಹುಣ್ಣು ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುದು ಹೇಗೆ ಅಂತ ತೋರಿಸಿಕೊಡಿ. ಮತ್ತೆ ಒಂದು ಮಧ್ಯಾಹ್ನ ನೀವು ಅಲ್ಲಿ ಕೂತು ಆ ಅಮ್ಮನನ್ನು ತಂಗಿಯ ಮನೆಗೋ ಭೂತದ ಕೋಲಕ್ಕೋ ಕಳಿಸಿ. ಎಷ್ಟೋ ವರ್ಷದಿಂದ ಅವರು ಒಬ್ಬರೇ ಹೊಸ್ತಿಲು ದಾಟಿರ್ಲಿಕ್ಕಿಲ್ಲ. ಫೋಟೋ ಮಾತ್ರ ಬೇಡ.

ಪ್ರಶ್ನೆ: ಪ್ಯಾಟೆಯಿಂದ ಭಾನುವಾರ ಬರುವ ಮಕ್ಕಳು ಹಾಗೆ ಮಾಡಿ ಹೀಗೆ ಮಾಡಿ ಅಂತ ನಮಗೆ ಹೇಳಿ ಸೋಮವಾರ ಹೋಗ್ತಾರೆ. ಊರಲ್ಲಿ ಉಳಿದ ನಮಗೆ ಎಂತ ಮರ್ಯಾದೆ? (ಬಾಯಾರು, ಕೃಷಿಕರು)

ಉತ್ತರ: ನಿಮ್ಮ ಮಾತು ಸರಿ, ಮೇಲಿನ ಪ್ರಶ್ನೆ ಕೇಳಿದವರೆಲ್ಲ ಇದನ್ನು ಓದ್ಲಿ ಅಂತಲೇ ಹಾಕಿದ್ದೇನೆ. ಅಡಿಕೆಗೆ ಎಲೆಚುಕ್ಕಿ ಬಂದಾಗ, ಮಧ್ಯರಾತ್ರಿ ಯಾರಿಗೋ ಎದೆನೋವು ಬಂದಾಗ, 2020ರಲ್ಲಿ ಕೊರೊನಾ ಲಾಕ್‌ಡೌನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ಜನ ಸತ್ತಾಗ, ಊರಲ್ಲಿ ನಿಂತು ಎಲ್ಲ ಸುಧಾರಿಸಿದ್ದು ನೀವು. ಸಂಘದ ಅಧ್ಯಕ್ಷ ಕಾರ್ಯದರ್ಶಿ ಊರಲ್ಲಿ ವಾಸ ಇರುವವರೇ ಆಗ್ಬೇಕು, ಯಾವ ಕೆಲಸ ಮೊದಲು ಅಂತ ತೀರ್ಮಾನ ಮಾಡುದು ಅವರೇ, ಹೊರಗಿರುವವರು ಹಣ, ಲೆಕ್ಕ, ಅರ್ಜಿ, ಕಂಪ್ಯೂಟರ್ ನೋಡಿಕೊಳ್ಳುದು. ಆದ್ರೆ ನಿಮ್ಮಲ್ಲೂ ಒಂದು ವಿನಂತಿ ಉಂಟು. ಭಾನುವಾರ ಬಂದ ಹುಡುಗ ತಪ್ಪು ಹೇಳಿದ್ರೂ ಅವನನ್ನು ತೋಟಕ್ಕೆ ಕರ್ಕೊಂಡು ಹೋಗಿ ತೋರಿಸಿ. ಅವನು ಬರುದನ್ನು ಬಿಟ್ರೆ ಮತ್ತೆ ಆ ಜಾಗೆ ಮಾರ್ಲಿಕ್ಕೆ ಮಾತ್ರ ಬರ್ತಾನೆ.

ಪ್ರಶ್ನೆ: ನಮ್ಮ ಊರಿನ ಯುವಕರ ಸಂಘದ ಮೀಟಿಂಗ್ ರಾತ್ರಿ ಎಂಟೂವರೆಗೆ ಕ್ಲಬ್ಬಲ್ಲಿ. ಕೆಲಸಕ್ಕೆ ಹೋಗುವ ಹುಡುಗಿಯರು ನಾವು ಆರು ಜನ ಸೇರ್ಬೇಕು ಅಂತಿದ್ದೇವೆ, ಮನೆಯಲ್ಲಿ ಬಿಡುದಿಲ್ಲ, ಸಂಘದವರು ಬನ್ನಿ ಅಂತ ಬಾಯಲ್ಲಿ ಹೇಳ್ತಾರೆ ಅಷ್ಟೆ. (ಕುಂಬಳೆ)

ಉತ್ತರ: ಮೀಟಿಂಗಿನ ಟೈಮ್ ಬದಲಿಸಿ ಅಂತ ಬರೆದು ಕೊಡಿ, ಆರು ಜನದ ಸೈನ್ ಹಾಕಿ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ಜಗಲಿಯಲ್ಲಿ ಮಾಡ್ಲಿಕ್ಕೆ ಯಾರಿಗೂ ಕಷ್ಟ ಇಲ್ಲ. ಒಪ್ಪದಿದ್ರೆ ಕುಟುಂಬಶ್ರೀ ಅನ್ನುವ ಕೇರಳ ಸರಕಾರದ ಮಹಿಳಾ ಯೋಜನೆಯ ಅಯಲ್‌ಕೂಟಕ್ಕೆ (ನೆರೆಮನೆಯ ಹೆಂಗಸರ ಗುಂಪಿಗೆ) ಹೋಗಿ, 1998ರಿಂದ ನಿಮ್ಮ ಅಮ್ಮಂದಿರು ಅತ್ತೆಯಂದಿರು ವಾರವಾರ ಸೇರಿ ಉಳಿತಾಯ ಸಾಲ ಲೆಕ್ಕ ಎಲ್ಲ ನಡೆಸಿಕೊಂಡು ಬಂದ ಜಾಗ ಅದು, ಪಂಚಾಯತಿನಲ್ಲಿ ಅವರ ಮಾತಿಗೆ ತೂಕ ಉಂಟು. ಅಲ್ಲಿ ಅಕೌಂಟ್ಸ್ ಗೊತ್ತಿದ್ದ, ಇಂಗ್ಲಿಷ್ ಮಲಯಾಳ ಎರಡರಲ್ಲೂ ಅರ್ಜಿ ಬರೆಯುವ ಹುಡುಗಿಯರಿಗೆ ಕಾಯ್ತಾ ಇದ್ದಾರೆ. ಮುಂದಿನ ಗ್ರಾಮಸಭೆಗೆ ಅವರ ಜತೆಗೇ ಹೋಗಿ ಮುಂದಿನ ಬೆಂಚಲ್ಲಿ ಕೂತುಕೊಳ್ಳಿ, ಎಂತಾಯ್ತು ಅಂತ ನನಗೆ ಬರೆಯಿರಿ.